ಅಕ್ಷಹೃದಯ ಮತ್ತು ಐವತ್ತೆರಡು ಎಲೆಗಳು



2025ರ ಬೇಸಗೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಮಗನನ್ನು ಕರೆದುಕೊಂಡು ನನ್ನ ಮನೆಗೆ ಬಂದಿದ್ದರು. ಹುಡುಗ ಇಂಜಿನಿಯರಿಂಗ್ ಓದುತ್ತಿದ್ದವನು. ಕೈಯೊಳಗಿನ ಫೋನಿನಲ್ಲಿ ಎಲೆಯಾಡಿ, ಒಂದು ವರ್ಷದ ಫೀ ಕಳೆದುಕೊಂಡಿದ್ದ. “ಸರ್, ನೀವರೆ ಇವಗ ಒಂದ ಮಾತ ಬುದ್ಧಿ ಹೇಳ್ರಿ” ಎಂದು ತಂದೆ ಕಣ್ಣಲ್ಲಿ ನೀರು ತಂದುಕೊಂಡರು. ಹುಡುಗ ತಲೆ ತಗ್ಗಿಸಿದ್ದನಾದರೂ ಅವನ ಮಾತಿನಲ್ಲಿ ಸೋಲಿರಲಿಲ್ಲ. “ಅಜ್ಜಾರ, ಇದು ಜೂಜಲ್ಲರಿ. ಪೋಕರಕ್ಕ ಸ್ಕಿಲ್ ಬೇಕಾಗತದ. ನಾ ಇನ್ನೂ ಪೂರಾ ಕಲ್ತಿಲ್ಲ, ಅದಕ್ಕ ಸೋತೆ” ಎಂದ.

ಈ ಮಾತು ನನ್ನನ್ನು ಬಹಳ ದಿನ ಕಾಡಿತು. ಏಕೆಂದರೆ ಇದು ಆ ಹುಡುಗನ ಮಾತು ಮಾತ್ರವಲ್ಲ. ನಮ್ಮ ಮಹಾಕಾವ್ಯಗಳಷ್ಟು ಹಳೆಯದಾದ ಪ್ರಶ್ನೆ. ಆಟದ ಮರ್ಮವನ್ನು ಕಲಿತವನು ಆಟದಿಂದ ಪಾರಾಗುತ್ತಾನೆಯೆ? ಇಂದು ಈ ಪ್ರಶ್ನೆಯ ಬೆನ್ನು ಹತ್ತಿ, ಅದರ ಚರಿತ್ರೆಯನ್ನು ತಮ್ಮೊಡನೆ ಕೊಂಚ ಹಂಚಿಕೊಳ್ಳಬೇಕೆಂದಿದ್ದೇನೆ.

ನಾನು ಕಾಗವಾಡದ ಸೀಮೆಯವನು. ಈಗ ಅದು ತಾಲ್ಲೂಕಿನ ಊರು. ನನ್ನ ಬಾಲ್ಯದಲ್ಲಿ ಅಥಣಿ ತಾಲ್ಲೂಕಿನ ಒಂದು ಹಳ್ಳಿ. ಮಿರಜೆ ಕೂಗಳತೆಯಲ್ಲಿ, ಕೃಷ್ಣೆ ಒಂದು ಹರದಾರಿಯಲ್ಲಿ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ. ಶೇಡಬಾಳ ಸ್ಟೇಶನ್ನಿನಲ್ಲಿ ರೈಲು ಹತ್ತಿದರೆ ನಾಲ್ವರ ಮೊಣಕಾಲುಗಳ ಮೇಲೆ ಒಂದು ಟವೆಲು ಹಾಸಿ ಮೆಂಡಿಕೋಟ ಆಡುವ ಮಂದಿ ಆಗ ಪ್ರತಿ ಡಬ್ಬಿಯಲ್ಲೂ ಇರುತ್ತಿದ್ದರು. ನಾವು ಹುಡುಗರು ಆಡುತ್ತಿದ್ದುದು ಝಬ್ಬು ಮತ್ತು ಬದಾಮ ಸಾತ. ಹಳೆಯ ಮೈಸೂರಿನವರು ಆಟೀನು, ಡೈಮಂಡು, ಕಳಾವರ್, ಇಸ್ಪೀಟು ಎನ್ನುವುದನ್ನು ನಾವು ಬದಾಮ, ಚೌಕಟ, ಕಿಲವರ್, ಇಸ್ಪಿಕ ಎನ್ನುತ್ತಿದ್ದೆವು. ಹೃದಯದ ಆಕಾರ ನಮ್ಮ ಕಣ್ಣಿಗೆ ಬಾದಾಮಿಯ ಬೀಜವಾಗಿ ಕಂಡಿತ್ತು. ಪೋರ್ತುಗೀಜರ ಎಲೆಗಳಲ್ಲಿ ಕತ್ತಿಯ ರಂಗಕ್ಕೆ ‘ಎಸ್ಪಾದಾಸ್’ ಎಂದು ಹೆಸರು. ಡಚ್ಚರು ಮೂರೆಸಳಿನ ರಂಗಕ್ಕೆ ‘ಕ್ಲಾವರೆನ್’ ಎನ್ನುತ್ತಾರೆ. ನಮ್ಮ ಇಸ್ಪೀಟು, ಕಳಾವರ್‌ಗಳನ್ನು ಇವುಗಳ ಪಕ್ಕದಲ್ಲಿಟ್ಟು ಉಚ್ಚರಿಸಿ ನೋಡಿರಿ. ಅರಬೀ ಸಮುದ್ರದ ಹಡಗುಗಳು ಮೆಣಸಿನ ಚೀಲಗಳೊಡನೆ ಮತ್ತೇನನ್ನು ವ್ಯಾಪಾರ ಮಾಡಿದವೆಂಬುದು ಕಿವಿಗೇ ಕೇಳಿಸುತ್ತದೆ.

ಆದರೆ ಜೂಜು ಹಡಗಿನಲ್ಲಿ ಬಂದದ್ದಲ್ಲ. ಋಗ್ವೇದದ ಹತ್ತನೆಯ ಮಂಡಲದಲ್ಲಿಯೇ ಜೂಜುಗಾರನ ಗೋಳಿನ ಸೂಕ್ತವೊಂದಿದೆ. ಎಲ್ಲೋರದ ಗುಹೆಗಳಲ್ಲಿ ಶಿವಪಾರ್ವತಿಯರು ಪಗಡೆಗೆ ಕುಳಿತಿದ್ದಾರೆ. ದೀಪಾವಳಿಯ ಪಾಡ್ಯಕ್ಕೆ ದ್ಯೂತಪ್ರತಿಪದೆಯೆಂಬ ಹೆಸರೂ ಉಂಟು. ಆ ದಿನ ಗೆದ್ದವನಿಗೆ ವರ್ಷವಿಡೀ ಗೆಲುವೆಂಬ ನಂಬಿಕೆ. ಆ ಪ್ರಾಚೀನ ಕಾಲದ ದಾಳಗಳು ಇಂದಿನ ಆರು ಮುಖದ ದಾಳಗಳಲ್ಲ. ಅವು ತಾರೆಯ ಮರದ, ಸಂಸ್ಕೃತದಲ್ಲಿ ವಿಭೀತಕವೆಂಬ ಮರದ ಕಾಯಿಗಳು. ರಾಶಿಯಿಂದ ತೆಗೆದ ಕಾಯಿಗಳನ್ನು ನಾಲ್ಕು ನಾಲ್ಕಾಗಿ ಎಣಿಸುವುದು. ಶೇಷ ಉಳಿಯದಿದ್ದರೆ ಕೃತ, ಮೂರು ಉಳಿದರೆ ತ್ರೇತ, ಎರಡು ಉಳಿದರೆ ದ್ವಾಪರ, ಒಂದು ಉಳಿದರೆ ಕಲಿ. ನಾವು ಯುಗಗಳಿಗೆ ಇಟ್ಟುಕೊಂಡಿರುವ ಹೆಸರುಗಳು ಜೂಜಿನ ಹಾಸಿನ ಮೇಲೂ ಇದ್ದವು. ಕಲಿಯೆಂದರೆ ಸೋಲುವ ಎಸೆತ.

ಇದನ್ನು ಅರಸರು ಏನು ಮಾಡಬೇಕು? ಶಾಸ್ತ್ರಕಾರರಲ್ಲಿ ಒಮ್ಮತವಿಲ್ಲ. ಜೂಜನ್ನು ರಾಜ್ಯದಿಂದಲೇ ಕಿತ್ತು ಹಾಕಬೇಕೆಂಬುದು ಮನುವಿನ ಮತ. ಕೌಟಿಲ್ಯನ ದಾರಿ ಬೇರೆ. ಅವನು ಅದಕ್ಕೊಬ್ಬ ದ್ಯೂತಾಧ್ಯಕ್ಷನನ್ನು ನೇಮಿಸಿ, ಆಟವನ್ನೆಲ್ಲ ಒಂದೆಡೆಗೆ ತಂದು, ಗೆದ್ದ ಹಣದಲ್ಲಿ ನೂರಕ್ಕೆ ಐದನ್ನು ಬೊಕ್ಕಸಕ್ಕೆ ಸೇರಿಸುತ್ತಾನೆ. ಯಾಜ್ಞವಲ್ಕ್ಯಸ್ಮೃತಿಯಲ್ಲಿ ದ್ಯೂತಸಮಾಹ್ವಯವೆಂಬ ಪ್ರಕರಣವೇ ಇದೆ. ನಿರ್ಜೀವ ವಸ್ತುಗಳಿಂದ ಆಡುವುದು ದ್ಯೂತ. ಕೋಳಿ ಟಗರುಗಳಂಥ ಪ್ರಾಣಿಗಳ ಮೇಲೆ ಪಣವೊಡ್ಡುವುದು ಸಮಾಹ್ವಯ. ಜೂಜುಕಟ್ಟೆಯ ಯಜಮಾನನಿಗೆ ಅಲ್ಲಿ ಸಭಿಕನೆಂದು ಹೆಸರು. ಪಣ ನೂರು ಮುಟ್ಟಿದರೆ ಅವನ ಪಾಲು ನೂರಕ್ಕೆ ಐದು, ಇಲ್ಲವಾದರೆ ನೂರಕ್ಕೆ ಹತ್ತು. ಕಳ್ಳರ ಸುಳಿವು ಸಿಗುವುದರಿಂದ ಜೂಜನ್ನು ಒಬ್ಬನ ಮೇಲ್ವಿಚಾರಣೆಯಲ್ಲಿಯೇ ನಡೆಸಬೇಕೆಂಬ ಮಾತೂ ಅಲ್ಲಿದೆ. ಈ ಸ್ಮೃತಿಗೆ ವಿಜ್ಞಾನೇಶ್ವರನು ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದದ್ದು ನಮ್ಮ ನಾಡಿನಲ್ಲಿಯೇ, ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ. ವಿಕ್ರಮಾದಿತ್ಯನು ಆಳಿದ್ದು 1076ರಿಂದ 1126ರ ತನಕ. ನೂರಕ್ಕೆ ಐದು ಎಂಬ ಆ ಲೆಕ್ಕವನ್ನು ತಾವು ದಯಮಾಡಿ ನೆನಪಿನಲ್ಲಿಡಬೇಕು. ನನ್ನ ಕಥೆಯ ಕೀಲಿಕೈ ಅಲ್ಲಿದೆ.

ಜೈನರದು ಮೂರನೆಯ ದಾರಿ. ಕಾಗವಾಡ ಹಳೆಯ ಜೈನ ನೆಲೆ. ಅಲ್ಲಿಯ ಬಸದಿಯ ನೆಲಮಾಳಿಗೆಯಲ್ಲಿ 1394ರ ಶಾಸನವೊಂದಿದೆ. ಯಾಪನೀಯ ಸಂಘದ ಬಗ್ಗೆ ದೊರೆತಿರುವ ಕೊನೆಯ ಕಾಲದ ದಾಖಲೆಗಳಲ್ಲಿ ಅದೊಂದು. ನನ್ನ ಬಾಲ್ಯದಲ್ಲಿ ಚಾತುರ್ಮಾಸ್ಯಕ್ಕೆಂದು ಬಂದ ಮುನಿಗಳ ಪ್ರವಚನವನ್ನು ಕೇಳಲು ಊರಿಗೆ ಊರೇ ಹೋಗುತ್ತಿತ್ತು. ಸಪ್ತವ್ಯಸನಗಳ ಪಟ್ಟಿಯನ್ನು ನಾನು ಬಾಯಿಪಾಠ ಮಾಡಿದ್ದು ಅಲ್ಲಿ. ಆ ಪಟ್ಟಿಯಲ್ಲಿ ಮೊದಲ ಹೆಸರು ಮದ್ಯದ್ದಲ್ಲ, ಕಳವಿನದಲ್ಲ, ದ್ಯೂತದ್ದು. ಉಳಿದ ಆರಕ್ಕೂ ಬಾಗಿಲು ತೆರೆಯುವುದು ಅದೇ ಎಂದು ಮುನಿಗಳು ಹೇಳುತ್ತಿದ್ದರು. ಪ್ರವಚನ ಮುಗಿಸಿ ಬರುವಾಗ ದಾರಿಯ ಹುಣಸೆಮರದ ಕೆಳಗೆ ಹರೆಯದವರು ಎಲೆ ಹಂಚುತ್ತಲೇ ಇದ್ದರು.

ಈ ಎಲೆಗಳ ಕಥೆಗೆ ಬರೋಣ. ನಮ್ಮ ದೇಶದಲ್ಲಿ ಎಲೆಯಾಟದ ಸ್ಪಷ್ಟ ಉಲ್ಲೇಖ ದೊರೆಯುವುದು ಬಾಬರನ ಆತ್ಮಕಥೆಯಲ್ಲಿ. 1527ರಲ್ಲಿ ಸಿಂಧದ ಶಾ ಹಸನನಿಗೆ ಅವನು ಗಂಜೀಫಾ ಎಲೆಗಳನ್ನು ಕಳುಹಿಸಿಕೊಟ್ಟದ್ದು ಅಲ್ಲಿ ದಾಖಲಾಗಿದೆ. ಅಕ್ಬರನ ಆಸ್ಥಾನದ ಆಟವನ್ನು ಅಬುಲ್ ಫಜಲ್ ವರ್ಣಿಸುತ್ತಾನೆ: ಹನ್ನೆರಡು ರಂಗ, ರಂಗಕ್ಕೆ ಹನ್ನೆರಡರಂತೆ 144 ಎಲೆ. ನಮ್ಮವರು ಅದನ್ನು ದೇವರ ಮನೆಗೆ ಒಗ್ಗಿಸಿಕೊಂಡರು. ದಶಾವತಾರದ ಗಂಜೀಫಾದಲ್ಲಿ ಹತ್ತು ರಂಗಗಳ 120 ಎಲೆಗಳು. ಬೆಳಗಾವಿಯಿಂದ ಘಟ್ಟವಿಳಿದರೆ ಸಿಗುವ ಸಾವಂತವಾಡಿಯ ಚಿತ್ರಗಾರರು ಇವನ್ನು ಇಂದಿಗೂ ಬರೆಯುತ್ತಾರೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಂತೂ ಇದರಲ್ಲಿ ಎಲ್ಲರನ್ನೂ ಮೀರಿಸಿದರು. 1831ರಲ್ಲಿ ರಾಜ್ಯಭಾರ ಕೈತಪ್ಪಿ, 1868ರಲ್ಲಿ ತೀರಿಕೊಳ್ಳುವ ತನಕ ಅವರಿಗೆ ಅದು ಮರಳಲಿಲ್ಲ. ಆ ದೊರೆ ಛದವೆಂಬ ಹೆಸರಿನಲ್ಲಿ ಹೊಸ ಹೊಸ ಎಲೆಯಾಟಗಳನ್ನು ಕಲ್ಪಿಸಿದರು. 360 ಎಲೆಗಳ ಆಟವೂ ಅವುಗಳಲ್ಲಿದೆ. ಆಳಲು ರಾಜ್ಯವಿಲ್ಲದ ರಾಜನು ಎಲೆಗಳಲ್ಲಿ ರಾಜಮಂತ್ರಿಗಳನ್ನು ಹೊಂದಿಸುತ್ತಿದ್ದ ಚಿತ್ರ ನನ್ನ ಮನಸ್ಸನ್ನು ಏಕೋ ಕಲಕುತ್ತದೆ. ಆ ಎಲೆಗಳಲ್ಲಿ ಪುರಾಣದ ಜ್ಞಾನವಿತ್ತು, ಕಲೆಯಿತ್ತು. ಹೊಲ ಮನೆಗಳನ್ನು ನುಂಗುವ ಹಸಿವಿರಲಿಲ್ಲ.

ಆ ಹಸಿವು ಬೇರೆ ಕಡೆ ಬೆಳೆಯುತ್ತಿತ್ತು. 1829ರಲ್ಲಿ ಜೋಸೆಫ್ ಕೋವೆಲ್ ಎಂಬ ಇಂಗ್ಲಿಷ್ ನಟನು ಅಮೆರಿಕದ ಮಿಸಿಸಿಪ್ಪಿಯ ಉಗಿದೋಣಿಯಲ್ಲಿ ಪೋಕರ್ ಆಡುವುದನ್ನು ಕಂಡದ್ದಾಗಿ ಬರೆದಿದ್ದಾನೆ. ಆಗ ಅದಕ್ಕೆ 20 ಎಲೆಗಳು ಸಾಕಾಗಿದ್ದವು. ಮುಂದೆ 52 ಆದವು. ಇಂಗ್ಲೆಂಡಿನ ಬ್ರ್ಯಾಗ್ ಎಂಬ ಮೂರೆಲೆಯ ಆಟ ಇದಕ್ಕೆ ಸೋದರ ಸಂಬಂಧಿ. ನಮ್ಮ ತೀನ ಪತ್ತಿ ಆ ಬ್ರ್ಯಾಗಿನ ಮನೆತನದ್ದೇ.

ಈ ಎರಡೂ ಆಟಗಳ ಮೂಲಪಾಠವನ್ನು ಹೇಳಿಬಿಡುತ್ತೇನೆ. ಕೇಳಿ ಯಾರೂ ಕೆಡಲಾರಿರಿ. ಅಪರೂಪದ ಕೂಟಕ್ಕೆ ಹೆಚ್ಚು ಬೆಲೆ ಎಂಬುದು ಮೊದಲ ನಿಯಮ. ಮೂರೆಲೆಯಲ್ಲಿ ಆಗಬಹುದಾದ ಕೂಟಗಳು ಒಟ್ಟು 22,100. ಅವುಗಳಲ್ಲಿ 16,440, ಎಂದರೆ ನಾಲ್ಕರಲ್ಲಿ ಸುಮಾರು ಮೂರು ಪಾಲು, ಜೋಡಿಯೂ ಇಲ್ಲದ ಬರಿಯ ಎಲೆಗಳು. ಜೋಡಿ 3,744, ಒಂದೇ ರಂಗದವು 1,096, ಬೇರೆ ಬೇರೆ ರಂಗಗಳ ಸಾಲು 720, ಒಂದೇ ರಂಗದ ಸಾಲು 48, ಮೂರೂ ಒಂದೇ ಆದವು 52. ಇಲ್ಲೊಂದು ಸ್ವಾರಸ್ಯವಿದೆ. ಲೆಕ್ಕದಲ್ಲಿ 48 ಬಾರಿ ಬರುವ ಸಾಲು 52 ಬಾರಿ ಬರುವ ತ್ರಿವಳಿಗಿಂತ ಅಪರೂಪ. ಆದರೂ ರೂಢಿ ತ್ರಿವಳಿಗೇ ಪಟ್ಟ ಕಟ್ಟಿದೆ. ಮೂರು ಎಕ್ಕಾಗಳ ಬೆಡಗಿನ ಮುಂದೆ ಗಣಿತವೂ ಸೋತಿತು ಎನ್ನಬೇಕು. ಪೋಕರಿನಲ್ಲಿ ಐದೆಲೆಯ ಕೂಟಗಳು 25,98,960. ಅವುಗಳಲ್ಲಿ ಎಕ್ಕಾದಿಂದ ಹತ್ತರ ತನಕ ಒಂದೇ ರಂಗದ ಸಾಲು ಬರುವುದು ನಾಲ್ಕೇ ಬಾರಿ.

ಎರಡನೆಯ ಪಾಠ ಬೆಲೆಯ ತೂಕ. ಎಲೆ ಬದಲಿಸುವ ಪೋಕರಿನಲ್ಲಿ ನಿಮ್ಮ ಕೈಯಲ್ಲಿ ನಾಲ್ಕು ಬದಾಮಗಳಿವೆ, ಐದನೆಯದೊಂದು ಬೇಕು ಎನ್ನೋಣ. ನೀವು ಕಾಣದ ಎಲೆಗಳು 47, ಅವುಗಳಲ್ಲಿ ಬದಾಮ 9. ಆ ಎಲೆಗಾಗಿ 10 ರೂಪಾಯಿ ಕೊಡಬೇಕಾಗಿದೆ. ರಾಶಿಯಲ್ಲಿ 30 ರೂಪಾಯಿ ಇದ್ದರೆ, 47 ಬಾರಿ ಆಡಿ ನೀವು ಸುರಿಯುವುದು 470. ಒಂಬತ್ತು ಬಾರಿ ಗೆದ್ದು, ನಿಮ್ಮದೂ ಸೇರಿ ತಲಾ 40ರಂತೆ ಮರಳಿ ಪಡೆಯುವುದು 360. ನಷ್ಟ. ರಾಶಿಯಲ್ಲಿ 60 ಇದ್ದರೆ ಮರಳುವುದು 630. ಲಾಭ. ಎಲೆ ಅದೇ, ಆಸೆ ಅದೇ. ಒಂದು ಕಡೆ ಕೊಡುವುದು ವಿವೇಕ, ಇನ್ನೊಂದು ಕಡೆ ಬಿಡುವುದು ವಿವೇಕ.

ಮೂರನೆಯದು ಮೋಸವಲ್ಲದ ಸುಳ್ಳು. ಕೈಯಲ್ಲಿ ಏನೂ ಇಲ್ಲದೆ ಪಣ ಏರಿಸಿ ಎದುರಾಳಿಯನ್ನು ಹೆದರಿಸುವುದು. ನಮ್ಮ ಹುಣಸೆಮರದ ಕೆಳಗಿನ ಹಿರಿಯರ ಸೂತ್ರ ಚಿಕ್ಕದು: “ಎಲಿ ನೋಡಬ್ಯಾಡ, ಮಾರಿ ನೋಡು.” ಈ ಸುಳ್ಳಿನ ಪ್ರಮಾಣವನ್ನೂ ಲೆಕ್ಕ ಹಾಕಬಹುದೆಂದು ತೋರಿಸಿದವನು ಫಾನ್ ನಾಯ್ಮನ್ ಎಂಬ ಗಣಿತಜ್ಞ. 1928ರಲ್ಲಿ ಒಂದು ಲೇಖನ ಬರೆದು, 1944ರಲ್ಲಿ ಮಾರ್ಗೆನ್‌ಸ್ಟರ್ನ್ ಎಂಬ ಅರ್ಥಶಾಸ್ತ್ರಜ್ಞನೊಡನೆ ದೊಡ್ಡ ಗ್ರಂಥವನ್ನೇ ಹೊರತಂದ. ಎಂದೂ ಸುಳ್ಳಾಡದವನನ್ನು ಎದುರಾಳಿ ಓದಿಬಿಡುತ್ತಾನೆ. ಸದಾ ಸುಳ್ಳಾಡುವವನನ್ನೂ ಓದಿಬಿಡುತ್ತಾನೆ. 2017ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಲಿಬ್ರಾಟಸ್ ಎಂಬ ಕಂಪ್ಯೂಟರ್ ಕಾರ್ಯಕ್ರಮ 1,20,000 ಆಟಗಳನ್ನಾಡಿ ನಾಲ್ವರು ನುರಿತ ಆಟಗಾರರನ್ನು ಸೋಲಿಸಿತು. ಅದಕ್ಕೆ ನೋಡಲು ಮಾರಿಯೂ ಬೇಕಾಗಲಿಲ್ಲ.

ಹಾಗಾದರೆ ಹುಡುಗ ಹೇಳಿದ್ದು ಸರಿಯಲ್ಲವೆ? ಪೋಕರಿನಲ್ಲಿ ವಿದ್ಯೆ ಉಂಟು. ಇಲ್ಲವೆಂದು ನಾನು ಅವನಿಗೆ ಹೇಳಲಿಲ್ಲ. ಅವನಿಗೆ ಹೇಳಿದ್ದು 1972ರ ಕಥೆ.

ಅದು ಬರದ ವರ್ಷ. ಹೊಲದಲ್ಲಿ ಕೆಲಸವಿಲ್ಲ, ಬಾವಿಯಲ್ಲಿ ನೀರಿಲ್ಲ. ಹುಣಸೆಮರದ ಕೆಳಗಿನ ಆಟ ಊರ ಹೊರಗಿನ ತಗಡಿನ ಶೆಡ್ಡಿಗೆ ಸರಿಯಿತು, ದುಡ್ಡು ದೊಡ್ಡದಾಯಿತು. ನನ್ನ ಕಾಕಾ ಅಲ್ಲಿಯ ಖಾಯಂ ಆಟಗಾರ. ದಡ್ಡನಲ್ಲ, ಬಿದ್ದ ಎಲೆಗಳನ್ನೆಲ್ಲ ನೆನಪಿಡುವ ತಲೆ ಅವನದು. ಆ ದೀಪಾವಳಿಯ ಮೂರು ರಾತ್ರಿಗಳಲ್ಲಿ, ಹೊಳೆಯ ಕಡೆಗಿದ್ದ ಎರಡು ಎಕರೆ ಕರಿಯ ಭೂಮಿ ಅವನ ಕೈಬಿಟ್ಟು ಹೋಯಿತು. ನಾಲ್ಕನೆಯ ದಿನ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಕಾಕು ಒಲೆ ಹಚ್ಚಲಿಲ್ಲ. ನಾನು ಹನ್ನೆರಡರ ಹುಡುಗ. ಆ ಮೌನದ ಸದ್ದನ್ನು ಇಂದಿಗೂ ಮರೆತಿಲ್ಲ.

ನಮ್ಮ ಗಣಿತದ ಮಾಸ್ತರರಿಗೆ ವಿಷಯ ತಿಳಿಯಿತು. ಬೋಧನೆ ಮಾಡುವುದು ಅವರ ಸ್ವಭಾವವಲ್ಲ. ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ನಾಲ್ವರು ಹುಡುಗರನ್ನು ಕಟ್ಟೆಯ ಮೇಲೆ ಕೂರಿಸಿ, ತಲೆಗೆ 40ರಂತೆ ಹುಣಸೆಬೀಜ ಎಣಿಸಿ ಕೊಟ್ಟರು. “ಆಡ್ರಿ” ಎಂದರು. ಪ್ರತಿ ಆಟಕ್ಕೆ ಒಬ್ಬೊಬ್ಬರು ಹತ್ತು ಬೀಜ, ರಾಶಿ 40. ಪ್ರತಿ ಆಟದಲ್ಲೂ ಮಾಸ್ತರರು ರಾಶಿಯಿಂದ ಎರಡೇ ಬೀಜ ತೆಗೆದು ತಮ್ಮ ಡಬ್ಬಿಗೆ ಹಾಕುತ್ತಿದ್ದರು. ಜಾಗ ಅವರದು, ಎಲೆ ಅವರವು, ಅದರ ಬಾಡಿಗೆ ಅಷ್ಟೆ. ಬೀಜ ತೀರಿದವನು ಗೆದ್ದವನಿಂದ ಸಾಲ ಪಡೆಯಬಹುದಿತ್ತು. ಕತ್ತಲಾಗುವಷ್ಟರಲ್ಲಿ ಮೂವತ್ತು ಆಟ ಮುಗಿದವು. ನನ್ನ ಗೆಳೆಯನೊಬ್ಬ ಕುಣಿದಾಡಿದ. ಲೆಕ್ಕ ಮಾಡಿದರೆ ಅವನ ಪಾಲಿಗೆ 45 ಬೀಜ, ಐದು ಲಾಭ! ಉಳಿದ ಮೂವರದೂ ಸೇರಿ 55. ಮಾಸ್ತರರ ಡಬ್ಬಿಯಲ್ಲಿ 60. “ಈಗ ಹೇಳ್ರಿ, ಗೆದ್ದವರು ಯಾರು?” ಎಂದರು. ನಾವು ಸುಮ್ಮನಿದ್ದೆವು. “ನಾ ಒಂದು ಎಲಿ ಮುಟ್ಟಲಿಲ್ಲ. ನಿಮ್ಮಲ್ಲಿ ಯಾರು ಶಾಣ್ಯಾ, ಯಾರು ದಡ್ಡ ನನಗ ಬೇಕಾಗಿಲ್ಲ. ನೀವು ಕುಂತಿದ್ರ ಸಾಕು.”

ಎಂ. ಎ. ತರಗತಿಯಲ್ಲಿ ಧರ್ಮಶಾಸ್ತ್ರಗಳನ್ನು ತಿರುವಿಹಾಕುವಾಗ ಸಭಿಕನ ನೂರಕ್ಕೆ ಐದು ಎಂಬ ಮಾತು ಕಣ್ಣಿಗೆ ಬಿದ್ದ ಗಳಿಗೆಯಲ್ಲಿ ನನಗೆ ಆ ಡಬ್ಬಿ ನೆನಪಾಯಿತು. ನಲವತ್ತಕ್ಕೆ ಎರಡು ಎಂದರೆ ನೂರಕ್ಕೆ ಐದೇ ತಾನೆ? ಆಡುವವರ ವಿದ್ಯೆ ಒಬ್ಬರಿಂದೊಬ್ಬರಿಗೆ ಹಣವನ್ನು ಸಾಗಿಸುತ್ತದೆ. ಸಭಿಕನ ಡಬ್ಬಿ ಎಲ್ಲರಿಂದಲೂ ತೆಗೆಯುತ್ತದೆ. ಪಕ್ಕದವನಿಗಿಂತ ತುಸು ಜಾಣನಾದರೆ ಸಾಲದು, ಆ ನೂರಕ್ಕೆ ಐದನ್ನೂ ದಾಟುವಷ್ಟು ಜಾಣನಾಗಬೇಕು. ಅಂಥವರು ಇದ್ದಾರೆ, ಬಹಳ ಕಡಮೆ. ಆದರೆ ಕುಳಿತವರೆಲ್ಲರೂ ತಾವು ಅವರಲ್ಲೊಬ್ಬರೆಂದು ನಂಬಿರುತ್ತಾರೆ.

ನಮ್ಮ ಕವಿಗಳು ಇದನ್ನು ಇನ್ನೂ ಆಳಕ್ಕೆ ಕಂಡಿದ್ದಾರೆ. ಪುಷ್ಕರನೊಡನೆ ಜೂಜಾಡಿ ರಾಜ್ಯ ಕಳೆದುಕೊಂಡ ನಳನು ಬಾಹುಕನೆಂಬ ಹೆಸರಿನಲ್ಲಿ ಋತುಪರ್ಣನ ಸಾರಥಿಯಾಗುತ್ತಾನೆ. ರಥ ಹಾರಿಸುವಾಗ ಋತುಪರ್ಣನು ದಾರಿಯ ತಾರೆಯ ಮರವೊಂದನ್ನು ಕಂಡು, ಅದರ ಎಲೆ ಕಾಯಿಗಳ ಎಣಿಕೆಯನ್ನು ನಿಂತಲ್ಲೇ ಹೇಳಿಬಿಡುತ್ತಾನೆ. ನಳ ನಂಬುವುದಿಲ್ಲ, ರಥ ನಿಲ್ಲಿಸಿ, ಮರ ಕೆಡವಿ, ಎಣಿಸುತ್ತಾನೆ. ಲೆಕ್ಕ ಸರಿ. ಆಗ ತನ್ನ ಅಶ್ವಹೃದಯವನ್ನು ಕೊಡುವ ಮಾತಿನಿಂದ ಅಕ್ಷಹೃದಯವನ್ನು ಪಡೆಯುತ್ತಾನೆ. ಆ ವಿದ್ಯೆ ಒಳಹೊಕ್ಕ ಕೂಡಲೇ ಕಲಿಪುರುಷನು ಅವನ ಮೈಬಿಟ್ಟು ಹೊರಬೀಳುತ್ತಾನೆ. ಜೂಜಿನ ಮರವೇ ಎಣಿಕೆಯ ಪಾಠಶಾಲೆಯಾದುದನ್ನು ಗಮನಿಸಿರಿ. ಯೂರೋಪಿನಲ್ಲಿ ಪಾಸ್ಕಲ್ ಮತ್ತು ಫರ್ಮಾ ಜೂಜಿನ ಲೆಕ್ಕಗಳನ್ನು ಕುರಿತು ಪತ್ರ ಬರೆದುಕೊಂಡದ್ದು 1654ರಲ್ಲಿ. ನಮ್ಮ ಈ ಕಥೆ ಅದಕ್ಕಿಂತ ಶತಮಾನಗಳಷ್ಟು ಹಿಂದಿನದು. ಕನಕದಾಸರು ಇದನ್ನೇ ಭಾಮಿನಿ ಷಟ್ಪದಿಯಲ್ಲಿ ನಳಚರಿತ್ರೆಯಾಗಿ ಹಾಡಿದರು.

ಈ ಕಥೆಯನ್ನು ಬೃಹದಶ್ವ ಮುನಿ ಹೇಳಿದ್ದು ಯಾರಿಗೆ? ಕಾಡಿನಲ್ಲಿ ಕುಳಿತ ಧರ್ಮರಾಯನಿಗೆ. ಕಥೆ ಮುಗಿಸಿ ಆ ವಿದ್ಯೆಯನ್ನೂ ಅವನಿಗೆ ಕಲಿಸುತ್ತಾನೆ. ಪಾಠ ಬಂದದ್ದು ಎಲ್ಲವೂ ಹೋದ ಮೇಲೆ. ವಿರಾಟನ ಮನೆಯಲ್ಲಿ ಧರ್ಮರಾಯ ಕಂಕನಾಗಿ ಅರಸನೊಡನೆ ಜೂಜಾಡಿ ವರ್ಷ ಕಳೆಯಲು ಅದು ಒದಗಿತು. ಪಂಪನೂ ಕುಮಾರವ್ಯಾಸನೂ ಜೂಜಿನ ಸಭೆಗೆ ಮೀಸಲಿಟ್ಟ ಪದ್ಯಗಳನ್ನು ನಾನು ಮೂವತ್ತು ವರ್ಷ ತರಗತಿಗಳಲ್ಲಿ ಓದಿಸಿದ್ದೇನೆ. ಓದಿಸುವಾಗಲೆಲ್ಲ ನನ್ನನ್ನು ಹಿಡಿದು ನಿಲ್ಲಿಸುವುದು ಮೊದಲ ಸೋಲಲ್ಲ, ಎರಡನೆಯ ಕರೆ. ವ್ಯಾಸಭಾರತದಲ್ಲಿ ಧೃತರಾಷ್ಟ್ರ ಎಲ್ಲವನ್ನೂ ಮರಳಿಸುತ್ತಾನೆ. ಪಾಂಡವರು ಊರ ದಾರಿ ಹಿಡಿದಿದ್ದಾರೆ. ಮತ್ತೆ ಕರೆ ಬರುತ್ತದೆ. ಧರ್ಮರಾಯ ಮತ್ತೆ ಹೋಗಿ ಕೂರುತ್ತಾನೆ. ದಾಳ ಬಲ್ಲ ಶಕುನಿಯ ಎದುರು ಗೆಲ್ಲುವ ವಿದ್ಯೆ ಅವನಿಗಿರಲಿಲ್ಲ. ಬಾರೆನೆನ್ನುವ ಬಾಯಿಯೂ ಇರಲಿಲ್ಲ.

ಕಾನೂನಿಗೂ ಈ ತೊಡಕು ಬಿಟ್ಟಿಲ್ಲ. ಮುಂಬಯಿ ಪ್ರಾಂತಕ್ಕೆ 1887ರಲ್ಲಿ ಜೂಜುವಿರೋಧಿ ಕಾಯಿದೆ ಬಂದಿತ್ತು. ಏಕೀಕರಣವಾದ ಮೇಲೆ ನಮಗೆ 1963ರ ಪೊಲೀಸ್ ಕಾಯಿದೆ. ವಿದ್ಯೆಯ ಆಟ ಬೇರೆ, ಅದೃಷ್ಟದ ಆಟ ಬೇರೆ ಎಂಬುದು ನ್ಯಾಯಾಲಯಗಳು ಹಿಡಿದ ಸೂತ್ರ. ಬೆಂಗಳೂರಿನಿಂದ ಹೊರಡುತ್ತಿದ್ದ ಸ್ಪೋರ್ಟಿಂಗ್ ಸ್ಟಾರ್ ಎಂಬ ವಾರಪತ್ರಿಕೆಯ ಬಹುಮಾನದ ಪದಬಂಧವನ್ನು 1957ರಲ್ಲಿ ಸರ್ವೋಚ್ಚ ನ್ಯಾಯಾಲಯವು ಜೂಜಿನ ಸ್ವರೂಪದ್ದೆಂದು ಎಣಿಸಿತು. ಪದಗಳನ್ನೇ ನಂಬಿದ ನಮ್ಮಂಥವರಿಗೆ ಇದು ತುಸು ನೋವಿನ ಸಂಗತಿ! 1968ರಲ್ಲಿ ವರದಿಯಾದ ಇನ್ನೊಂದು ತೀರ್ಪಿನಲ್ಲಿ, ಎಲೆಗಳ ನೆನಪು ಬೇಕಾದ್ದರಿಂದ ರಮ್ಮಿ ವಿದ್ಯೆಯ ಆಟವೆಂದೂ ಮೂರೆಲೆಯ ಆಟ ಬರಿಯ ಅದೃಷ್ಟದ್ದೆಂದೂ ಹೇಳಿತು. ಕರ್ನಾಟಕವು 2021ರಲ್ಲಿ ಆನ್‌ಲೈನ್ ಆಟಗಳ ಪಣವನ್ನು ನಿಷೇಧಿಸಿ ಮಾಡಿದ ತಿದ್ದುಪಡಿಯ ಮುಖ್ಯ ಭಾಗಗಳನ್ನು 2022ರ ಫೆಬ್ರವರಿಯಲ್ಲಿ ಉಚ್ಚ ನ್ಯಾಯಾಲಯವು ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಕೇಂದ್ರದ ಕಾಯಿದೆಯೇ ಬಂದು, ವಿದ್ಯೆಯೋ ಅದೃಷ್ಟವೋ ಎಂದು ಕೇಳದೆ, ಹಣವೊಡ್ಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. ಮನುವಿಗೂ ಕೌಟಿಲ್ಯನಿಗೂ ನಡೆದ ವಾದ ಎರಡು ಸಾವಿರ ವರ್ಷಗಳ ಮೇಲೂ ಮುಂದುವರಿದಂತಿದೆ.

ಕಾನೂನು ಬಾಗಿಲು ಮುಚ್ಚಬಲ್ಲುದು, ಕುಳಿತವನನ್ನು ಏಳಿಸಲಾರದು. ಅದನ್ನು ನನಗೆ ತಿಳಿಸಿದವನು ಕಾಕಾ. ಆ ಎರಡು ಎಕರೆ ಮರಳಿ ಬರಲಿಲ್ಲ. ಅದೇ ಹೊಲದಲ್ಲಿ ಅವನು ಹತ್ತು ವರ್ಷ ಇನ್ನೊಬ್ಬರ ಕಬ್ಬು ಕಡಿದ. ಮುಪ್ಪಿನಲ್ಲಿ ಒಂದು ಸಂಜೆ ನಾನು ಧೈರ್ಯ ಮಾಡಿ ಕೇಳಿದೆ: “ಕಾಕಾ, ನಿನ್ನ ಕೈ ಅಷ್ಟು ಚಲೋ ಇತ್ತು ಅಂತಾರ. ಸೋತದ್ದು ಹ್ಯಾಂಗ?” ಅವನು ಬಹಳ ಹೊತ್ತು ಸುಮ್ಮನಿದ್ದು ಹೇಳಿದ: “ಮೊದಲನೇ ರಾತ್ರಿ ನಾ ಗೆದ್ದಿದ್ದೆ ತಮ್ಮಾ. ಆಟ ನನಗ ಬರತಿತ್ತು. ಏಳೂದು ಬರಲಿಲ್ಲ.”

ಈ ಮಾತನ್ನು ನಾನು ಆ ಹುಡುಗನಿಗೆ ಹಾಗೆಯೇ ಹೇಳಿದೆ. ಅವನು ಉತ್ತರ ಕೊಡಲಿಲ್ಲ. ಹೋಗುವಾಗ ಬಾಗಿಲ ಬಳಿ ನಿಂತು, ಹುಣಸೆಬೀಜದ ಲೆಕ್ಕವನ್ನು ಇನ್ನೊಮ್ಮೆ ಹೇಳಿರೆಂದು ಕೇಳಿ, ಅದನ್ನು ಒಂದು ಚೀಟಿಯಲ್ಲಿ ಬರೆದುಕೊಂಡ.